ಬೇಸ್‌ಮೆಂಟಿನ ರಾಯರು

ಅಕ್ಟೋಬರ್ ಮುಗಿಯುತ್ತಿದ್ದಂತೆ ಶಿಕಾಗೋ, ಡೆಟ್ರಾಯಿಟ್, ಮಿನಿಯಾಪೊಲಿಸ್ ಸುತ್ತಲಿನ ಕನ್ನಡಿಗರ ಮನೆಗಳಲ್ಲಿ ಒಬ್ಬ ರಾಯರು ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಬೇಸ್‌ಮೆಂಟಿಗೆ ಇಳಿಯುತ್ತಾರೆ. ಅವರು ಗೌಡರಿರಬಹುದು, ಹೆಗಡೆ, ಪಾಟೀಲ ಯಾರೂ ಇರಬಹುದು; ರಾಯರೆಂಬುದು ಇಲ್ಲಿ ಒಂದು ಸ್ವಭಾವ. ಓದಿದ್ದು ಎಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್, ನಂಬುವುದು ಯೂಟ್ಯೂಬ್. ಮೂಲೆಯಲ್ಲಿ ನಿಂತ ಗ್ಯಾಸ್ ಫರ್ನೇಸ್ ಅವರ ಪಾಲಿಗೆ ಇನ್ನೊಂದು ಸರ್ವರ್ ಅಷ್ಟೆ. ಕೈಕೊಟ್ಟರೆ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಮುಚ್ಚಳ ಬಿಚ್ಚುವುದು. "ರೀ, ಯಾರನ್ನಾದ್ರೂ ಕರೀರಿ, ಮಾವ ಮಂಕಿ ಕ್ಯಾಪ್ ಹಾಕ್ಕೊಂಡೇ ಊಟಕ್ಕೆ ಕೂತಿದಾರೆ" ಎಂದು ಮೇಲಿನಿಂದ ಕೂಗು ಬಂದರೆ, "ಬರೀ ಬಂದು ನೋಡಿ ಹೋಗೋಕೇ ನೂರು ಡಾಲರ್ ಕಣೇ" ಎಂದು ಕೆಳಗಿನಿಂದ ಉತ್ತರ ಹೋಗುತ್ತದೆ. ಇಂಥವರನ್ನು ಅರೆಬೆಂದವರೆಂದು ನಗುವುದು ರೂಢಿ. ನನಗೆ ಅದು ಅನ್ಯಾಯವೆನಿಸುತ್ತದೆ. ರಾಯರಿಗೆ ತಿಳಿವಳಿಕೆ ಕಡಿಮೆಯಿಲ್ಲ, ಅಳೆಯುವ ಚಟವೂ ಬೇಕಾದಷ್ಟಿದೆ. ಅಳೆಯಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳೆಯುತ್ತಾರೆ ಎಂಬುದೊಂದೇ ನನ್ನ ತಕರಾರು.

ಥರ್ಮೋಸ್ಟಾಟ್ ಆ್ಯಪಿನಲ್ಲಿ ಯಾವ ರಾತ್ರಿ ಫರ್ನೇಸ್ ಎಷ್ಟು ನಿಮಿಷ ಓಡಿತು ಎಂಬ ಗ್ರಾಫ್ ಅವರ ಬಳಿ ಇದೆ. ಎರಡು ಚಳಿಗಾಲದ ಗ್ಯಾಸ್ ಬಿಲ್ಲು ಎಕ್ಸೆಲ್‌ನಲ್ಲಿದೆ. ಆದರೆ ಫರ್ನೇಸಿನ ಒಳಮೈಗೆ ಅಂಟಿಸಿದ ತಗಡಿನ ಚೀಟಿಯನ್ನು ಅವರು ಓದಿಲ್ಲ. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಎಷ್ಟು ಡಿಗ್ರಿ ಅಂತರವಿರಬೇಕೆಂದು, 35ರಿಂದ 65 ಫ್ಯಾರನ್‌ಹೀಟ್ ಎಂಬಂತೆ, ತಯಾರಕರು ಅಲ್ಲೇ ಬರೆದಿರುತ್ತಾರೆ. ಅದನ್ನು ನೋಡದೆ ರಾಯರು ಅಂಗಡಿಯಲ್ಲಿ ಅತಿ ದೊಡ್ಡ ನಂಬರಿನ, ಅತಿ ಒತ್ತಾದ ಫಿಲ್ಟರ್ ತಂದು ತುರುಕುತ್ತಾರೆ. ಗಾಳಿ ಸಾಲದೆ ಹೀಟ್ ಎಕ್ಸ್‌ಚೇಂಜರ್ ಕಾದು ಕೆಂಡವಾಗುತ್ತದೆ, ಲಿಮಿಟ್ ಸ್ವಿಚ್ ಗ್ಯಾಸನ್ನು ನಿಲ್ಲಿಸುತ್ತದೆ. ರಾಯರ ತೀರ್ಪು: ಸ್ವಿಚ್ ಹಾಳಾಗಿದೆ. ಇನ್ನು ಗ್ಯಾಸ್ ವಾಲ್ವಿನ ಪುಟ್ಟ ಮುಚ್ಚಳದಡಿ ಇರುವ ಸ್ಕ್ರೂ. ಅದು ಕಣ್ಣಿಗೆ ಬಿದ್ದ ಮೇಲೆ ಕೈ ಸುಮ್ಮನಿರುವುದು ಕಷ್ಟ. ಸಾಮಾನ್ಯ ಫರ್ನೇಸಿನ ಬರ್ನರಿಗೆ ನ್ಯಾಚುರಲ್ ಗ್ಯಾಸ್ ಹೋಗಬೇಕಾದ ಒತ್ತಡ, ಕೊಳವೆಯಲ್ಲಿ ನೀರನ್ನು ಸುಮಾರು ಮೂರೂವರೆ ಅಂಗುಲ ಎತ್ತುವಷ್ಟು. ಕಾರಿನ ಟೈರಿನ ಒತ್ತಡ ಇದರ ಇನ್ನೂರು ಪಟ್ಟಿಗೂ ಹೆಚ್ಚು. ಇಷ್ಟು ನಾಜೂಕಾದದ್ದನ್ನು ಮಾನೋಮೀಟರ್ ಇಲ್ಲದೆ, "ಉರಿ ನೀಲಿಯಾಗಿದೆಯಲ್ಲ" ಎಂಬ ಒಂದೇ ಆಧಾರದ ಮೇಲೆ ಅರ್ಧ ಸುತ್ತು, ಮತ್ತರ್ಧ ಸುತ್ತು ತಿರುಗಿಸುತ್ತಾರೆ. ನೀಲಿ ಉರಿ ಒಳ್ಳೆಯ ಲಕ್ಷಣವೇ. ಆದರೆ ಹೊಗೆಕೊಳವೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ಬಣ್ಣ ನೋಡಿ ಹೇಳಬಲ್ಲ ಕಣ್ಣು ಯಾರಿಗೂ ಇಲ್ಲ.

ಈಗಿನ ಫರ್ನೇಸ್‌ಗಳಲ್ಲಿ ಎಲ್ಲಕ್ಕೂ ರಕ್ಷಣೆಯಿದೆ, ತಪ್ಪಾದರೆ ತಾನೇ ನಿಲ್ಲುತ್ತದೆ ಎಂಬುದು ರಾಯರ ವಾದ. ಅರ್ಧ ನಿಜ. ಉರಿ ಹತ್ತದಿದ್ದರೆ ಫ್ಲೇಮ್ ಸೆನ್ಸರ್ ನಿಲ್ಲಿಸುತ್ತದೆ. ಹೊರಗಿನ ಪಿವಿಸಿ ಪೈಪಿನ ಬಾಯಿಗೆ ಹಿಮ ಕಟ್ಟಿಕೊಂಡರೆ ಪ್ರೆಷರ್ ಸ್ವಿಚ್ ನಿಲ್ಲಿಸುತ್ತದೆ. ಆದರೆ ಒಂದೊಂದು ಸ್ವಿಚ್ಚೂ ತನ್ನ ಒಂದೇ ಬಾಗಿಲು ಕಾಯುತ್ತದೆ, ಮಲಗುವ ಕೋಣೆಯ ಗಾಳಿ ಹೇಗಿದೆಯೆಂದು ನೋಡುವ ಸ್ವಿಚ್ ಅವುಗಳಲ್ಲಿಲ್ಲ. ಮೇಲಾಗಿ, ಮತ್ತೆ ಮತ್ತೆ ನಿಲ್ಲಿಸಿ ಕಾಟ ಕೊಡುವ ಸ್ವಿಚ್ಚನ್ನು ಒಂದು ತುಂಡು ವೈರ್ ಹಾಕಿ ದಾಟಿಸಿಬಿಡುವವರೂ ಇದೇ ರಾಯರು, "ಬರೀ ಟೆಸ್ಟಿಂಗಿಗೆ" ಎಂದು. ಟೆಸ್ಟಿಂಗ್ ಮುಗಿಯುವುದು ಯಾವಾಗ ಎಂದು ಕೇಳಬಾರದು. ಗೋಡೆಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಲ್ಲ ಎನ್ನುತ್ತಾರೆ. ಇರಲೇಬೇಕು, ಆದರೆ ಅದರ ಮೌನ ಸರ್ಟಿಫಿಕೇಟಲ್ಲ. ಅಮೆರಿಕದ ಮಾನದಂಡದ ಪ್ರಕಾರ ಮನೆಯ ಅಲಾರಂ 70 ಪಿಪಿಎಂನಲ್ಲಿ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಿದರೆ ಸಾಕು; 30 ಪಿಪಿಎಂನಲ್ಲಿ 30 ದಿನ ಸುಮ್ಮನಿರಬೇಕು. ಅಷ್ಟರಲ್ಲಿ ಅಮ್ಮನ ತಲೆನೋವಿಗೆ ಜೆಟ್‌ಲ್ಯಾಗ್ ಕಾರಣವೆಂದು ತೀರ್ಮಾನವಾಗಿರುತ್ತದೆ. ಬೆಂಕಿ ಅನಾಹುತಗಳ ಲೆಕ್ಕ ಬಿಟ್ಟು, ಈ ಅನಿಲ ಅಕಸ್ಮಾತ್ತಾಗಿ ದೇಹ ಸೇರಿ ಸಾಯುವವರು ಆ ದೇಶದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು.

ಹೊಸ ಫರ್ನೇಸನ್ನು ತಾವೇ ಕೂರಿಸುತ್ತೇನೆಂದು ಹೊರಟಾಗ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. ಮೊದಲು, ಬೆಳೆಯುವ ಹುಡುಗನಿಗೆ ಯೂನಿಫಾರ್ಮ್ ಕೊಳ್ಳುವಂತೆ ಒಂದು ಸೈಜು ದೊಡ್ಡದೇ ಇರಲಿ ಎಂದು ಆರ್ಡರ್ ಮಾಡುತ್ತಾರೆ. ಮನೆ ಬೆಳೆಯುವುದಿಲ್ಲ, ಯಂತ್ರ ನಾಲ್ಕು ನಿಮಿಷ ಹತ್ತಿ ಆರಿ, ಮತ್ತೆ ಹತ್ತಿ ಆರಿ ಸವೆಯುತ್ತದೆ. ಅದಕ್ಕಿಂತ ಗಂಭೀರವಾದದ್ದು ಪಕ್ಕದಲ್ಲಿ ನಿಂತ ವಾಟರ್ ಹೀಟರ್. ಹಳೆಯ ಮನೆಗಳಲ್ಲಿ ಫರ್ನೇಸು, ಹೀಟರು ಎರಡರ ಹೊಗೆಯೂ ಒಂದೇ ಚಿಮಣಿಯಲ್ಲಿ ಹೋಗುತ್ತದೆ. ಶೇಕಡಾ 90ಕ್ಕೂ ಮೀರಿದ ದಕ್ಷತೆಯ ಹೊಸ ಫರ್ನೇಸ್ ತನ್ನ ಹೊಗೆಯನ್ನು ಪಿವಿಸಿ ಪೈಪಿನಲ್ಲಿ ಹೊರಗೆ ಒಯ್ಯುತ್ತದೆ. ಇಬ್ಬರಿಗೆಂದು ಕಟ್ಟಿದ ಚಿಮಣಿಯಲ್ಲಿ ಹೀಟರ್ ಒಂಟಿಯಾಗುತ್ತದೆ, ಅದರ ಅಷ್ಟಿಷ್ಟು ಬಿಸಿಗೆ ಆ ದೊಡ್ಡ ತಣ್ಣನೆಯ ಗೂಡು ಕಾಯುವುದಿಲ್ಲ, ಹೊಗೆ ಮೇಲೇರದೆ ಬೇಸ್‌ಮೆಂಟಿಗೇ ಚೆಲ್ಲಬಹುದು. ರಾಯರು ಫರ್ನೇಸನ್ನು ಅಚ್ಚುಕಟ್ಟಾಗಿಯೇ ಜೋಡಿಸಿರುತ್ತಾರೆ, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆಯೂ ನೋಡಿರುತ್ತಾರೆ. ಕೆಟ್ಟದ್ದು ಅವರು ಮುಟ್ಟದೇ ಬಿಟ್ಟ ಯಂತ್ರ. ಸ್ವಂತ ಮನೆಯ ಕೆಲಸ ಮಾಲೀಕನೇ ಮಾಡಲು ಅನೇಕ ರಾಜ್ಯಗಳಲ್ಲಿ ಕಾನೂನಿನ ಅಡ್ಡಿಯಿಲ್ಲ ಎಂಬುದು ನಿಜವೇ. ಅದರ ಜೊತೆಗೆ ಪರ್ಮಿಟ್ಟು, ಇನ್‌ಸ್ಪೆಕ್ಟರ್ ಇಟ್ಟಿರುವುದು ಇಂಥದ್ದನ್ನು ಇನ್ನೊಂದು ಕಣ್ಣು ನೋಡಲಿ ಎಂದೇ. ಆ ಸಾಲನ್ನು ರಾಯರು ಸ್ಕ್ರೋಲ್ ಮಾಡಿಬಿಡುತ್ತಾರೆ.

ಉಳಿಯಿತು ದುಡ್ಡಿನ ಮಾತು, ಇದರಲ್ಲಿ ನಾನು ಅವರ ಪಕ್ಷ. "ಹೀಟ್ ಎಕ್ಸ್‌ಚೇಂಜರ್ ಸೀಳಿದೆ, ಇಡೀ ಫರ್ನೇಸೇ ಬದಲಾಯಿಸಬೇಕು" ಎಂದು ಹೆದರಿಸಿ ಮಾರುವ ಮೆಕ್ಯಾನಿಕ್‌ಗಳು ಇದ್ದಾರೆ. ಸಂಶಯ ಸರಿ, ಸಂಶಯ ಬಂತೆಂದು ಸ್ಕ್ರೂಡ್ರೈವರ್ ಎತ್ತುವುದು ಸರಿಯಲ್ಲ. ಸರಿಯಾದ ಫಿಲ್ಟರ್ ಹಾಕುವುದು, ಪೈಪಿನ ಬಾಯಿಯ ಹಿಮ ಬಿಡಿಸುವುದು, ಅಲಾರಂ ಬ್ಯಾಟರಿ ನೋಡುವುದು, ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ಚೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದೊಯ್ದು ಅಲ್ಲಿಂದ ಫೋನ್ ಮಾಡುವುದು, ಇವಿಷ್ಟು ರಾಯರ ಖಾತೆ. ಉಳಿದದ್ದಕ್ಕೆ ಅವರ ಎಕ್ಸೆಲ್ಲೇ ಆಯುಧವಾಗಲಿ. ಬಂದ ಮೆಕ್ಯಾನಿಕ್ಕನ್ನು ಗ್ಯಾಸಿನ ಒತ್ತಡ, ಗಾಳಿಯ ತಾಪಮಾನದ ಅಂತರ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಈ ಮೂರು ಅಂಕಿ ಕೇಳಲಿ. ಸೀಳಿದೆ ಎಂದರೆ ಸೀಳಿನ ಫೋಟೋ ಕೇಳಲಿ. ಉಪಕರಣವನ್ನು ವ್ಯಾನಿನಲ್ಲೇ ಬಿಟ್ಟು ಬಂದವನಿಗೆ ಕಾಫಿ ಕೊಟ್ಟು ಕಳಿಸಿ, ಇನ್ನೊಬ್ಬನನ್ನು ಕರೆಯಲಿ. ಅಂಕಿ ಕೊಡುವವನು ಸಿಕ್ಕ ದಿನ ರಾಯರ ಪ್ರಶ್ನೆಗಳು ಸುಲಭಕ್ಕೆ ಮುಗಿಯುವಂಥವಲ್ಲ. ಹಾಗಾಗಿ ಅವನದು ಗುತ್ತಿಗೆ ದರವೋ ಗಂಟೆ ಲೆಕ್ಕವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.