ಇನ್‌ಹೇಲರಿಗೊಂದು ಚರ್ಮದ ಅಂಗಿ

ಉಬ್ಬಸ ಕರೆಯದೆಯೇ ಬರುತ್ತದೆ. ಇನ್‌ಹೇಲರ್ ಮಾತ್ರ ಮನೆಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಒಮ್ಮೆ ಸೋಫಾ ಸಂದಿಯಲ್ಲಿ, ಇನ್ನೊಮ್ಮೆ ತರಕಾರಿ ಚೀಲದಲ್ಲಿ ಬೆಂಡೆಕಾಯಿಯ ಅಡಿ. ಜೇಬಿಗೆ ಹಾಕಿಕೊಂಡರೆ ಮುಚ್ಚಳ ಕಳಚಿ, ಬಾಯಿಗಿಡುವ ಕಡೆ ಅಡಿಕೆ ಚೂರು ಹೋಗಿ ಕೂರುತ್ತದೆ. ನೋಡದೆ ಒತ್ತಿದರೆ ಔಷಧದ ಹಿಂದೆಯೇ ಅಡಿಕೆಯೂ ಎದೆಗಿಳಿಯುತ್ತದೆ. “ಬೆಲ್ಟಿಗೆ ಸಿಕ್ಕಿಸೋ ಚೀಲ ಒಂದು ತಗೊಳ್ರೀ” ಅಂದಳು ಹೆಂಡತಿ. ತಗೊಳ್ಳೋದೇನು, ಚರ್ಮದಲ್ಲಿ ನಾನೇ ಹೊಲೀತೀನಿ ಅಂದೆ. ಅವಳು ಮಾತಾಡಲಿಲ್ಲ. ಎದ್ದು ಹೋಗಿ, ಹೊಸ ಮೇಜುಬಟ್ಟೆಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು.

ಇದಕ್ಕೆಲ್ಲ ಮೂಲ ಅಮೆರಿಕದ ಒಂದು ಹುಡುಗಿ. ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ನರ 13 ವರ್ಷದ ಮಗಳು ತನ್ನ ಉಬ್ಬಸದ ಮದ್ದು ಕೂದಲಿಗೆ ಹೊಡೆಯುವ ಸ್ಪ್ರೇಯ ಹಾಗೆ ಯಾಕಿರಬಾರದು ಎಂದು ಕೇಳಿದಳಂತೆ. 1956ರಲ್ಲಿ ಒತ್ತಿದರೆ ಅಳತೆಯಷ್ಟೇ ಚಿಮ್ಮುವ ಇನ್‌ಹೇಲರ್ ಬಂತು. ಅದನ್ನು ಇಟ್ಟುಕೊಳ್ಳುವುದೆಲ್ಲಿ ಅಂತಲೂ ಆ ಮಗು ಕೇಳಿಬಿಟ್ಟಿದ್ದರೆ ನನ್ನ ಬೆರಳುಗಳಿಗೆ ಈ ಗತಿ ಬರುತ್ತಿರಲಿಲ್ಲ.

ಚರ್ಮದಲ್ಲೂ ಜಾತಕ ನೋಡಬೇಕು. ಕ್ರೋಮ್ ಹದದ್ದು ಮೆತ್ತಗೆ, ಜಾಕೆಟ್ಟಿಗೆ ಸರಿ, ಅಚ್ಚಿಗೆ ಒಗ್ಗುವುದಿಲ್ಲ. ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನು ನೆನೆಸಿ ಅಚ್ಚಿಗೆ ಒತ್ತಿ ಒಣಗಿಸಿದರೆ ಕೊಟ್ಟ ಆಕಾರ ಹಿಡಿದು ನಿಲ್ಲುತ್ತದೆ. ನಮ್ಮ ಕಡೆಯ ತಂಗಡಿ ತೊಗಟೆ, ಅಳಲೆಕಾಯಿಗಳೆಲ್ಲ ಹದ ಮಾಡುವ ಕೆಲಸಕ್ಕೆ ಬರುವಂಥವೇ. ಇನ್‌ಹೇಲರನ್ನೇ ಅಚ್ಚು ಮಾಡಿ ನೆನೆದ ಚರ್ಮ ಸುತ್ತಿ, ಬಿಸಿಲಲ್ಲಿ ಬೇಗ ಒಣಗುತ್ತದೆಂದು ತಾರಸಿಗೆ ಹೊರಟೆ. ಮಗ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದ: ಬಿಸಿಲು ತಾಗಿಸಬಾರದು, 30 ಡಿಗ್ರಿ ದಾಟಬಾರದು. ಫ್ಯಾನಿನ ಕೆಳಗೆ ಇಟ್ಟೆವು. ಕರೆಂಟು ಹೋಯಿತು.

ಹೊಲಿಗೆಯದು ಬೇರೆಯೇ ಕಥೆ. ಮೇಣ ಸವರಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿಗೆ ಅತ್ತಲಿಂದೊಂದು ಇತ್ತಲಿಂದೊಂದು ಬರಬೇಕು. ಇಕ್ಕಟ್ಟಿನ ಬಾಗಿಲಲ್ಲಿ ಎದುರಾದ ಬೀಗರ ಹಾಗೆ ಎರಡೂ ದಾರಿ ಬಿಡುವುದಿಲ್ಲ. ಆದರೆ ಈ ಹೊಲಿಗೆ ಎಲ್ಲೋ ಒಂದು ಕಡೆ ಹರಿದರೂ ಮಿಷನ್ ಹೊಲಿಗೆಯಂತೆ ಸರಸರ ಬಿಚ್ಚಿಕೊಂಡು ಹೋಗುವುದಿಲ್ಲ. ಈ ಗುಣವನ್ನು ಮನೆಯವರಿಗೆ ಹೇಳಿ ಹೇಳಿ, ಈಗ ನಾನು ಬಾಯಿ ತೆರೆದರೆ ಅವರೇ ವಾಕ್ಯ ಮುಗಿಸುತ್ತಾರೆ.

ಅಂಚು ನುಣುಪಾಗಲು ಉಪ್ಪುಕಾಗದ ಉಜ್ಜಬೇಕು, ಧೂಳು ಏಳುತ್ತದೆ. ಪದರ ಕೂಡಿಸಲು ಅಂಟು ಬೇಕು, ಘಾಟು ಏಳುತ್ತದೆ. ನನ್ನ ಉಬ್ಬಸಕ್ಕೆ ಇವೆರಡೂ ಹಬ್ಬದೂಟ. ಉಜ್ಜು, ಕೆಮ್ಮು, ಪಫ್ ಎಳೆ. ಅಂಟು ಹಚ್ಚು, ಕೆಮ್ಮು, ಪಫ್ ಎಳೆ. ಒಂದು ಡಬ್ಬಿಯಲ್ಲಿ 200 ಪಫ್ ಇರುತ್ತದೆ. ಗೂಡು ಮುಗಿಯುವ ಮೊದಲೇ ಅದರಲ್ಲಿ ವಾಸಿಸಬೇಕಾದವನು ಖಾಲಿಯಾಗುವ ಲಕ್ಷಣ ಕಂಡಿತು. “ಚೀಲ ಹೊಲಿಯೋದು ಬಿಟ್ರೆ ಇನ್‌ಹೇಲರೇ ಬೇಕಾಗಲ್ಲ ಅನ್ಸತ್ತೆ” ಅಂದಳು ಇವಳು.

ಕೊನೆಗೂ ಮುಗಿಯಿತು. ಕಂದು ಬಣ್ಣ, ಹಿತ್ತಾಳೆ ಗುಂಡಿ, ಬೆಲ್ಟಿಗೆ ಕುಣಿಕೆ. ಅಚ್ಚು ಎಷ್ಟು ಸೊಗಸಾಗಿ ಕೂತಿತ್ತೆಂದರೆ ಒಳಗೆ ಹೋದ ಇನ್‌ಹೇಲರ್ ಹೊರಗೆ ಬರಲೊಲ್ಲದು. ಅದೇ ರಾತ್ರಿ ಎದೆ ಸುಂಯ್‌ಗುಟ್ಟಿತು. ನಾನು ಗೂಡು ಹಿಡಿದೆ, ಮಗ ಡಬ್ಬಿ ಹಿಡಿದ, ಹಗ್ಗಜಗ್ಗಾಟ ಶುರುವಾಯಿತು. ಅಷ್ಟರಲ್ಲಿ ಇವಳು ಸಾಸಿವೆ ಡಬ್ಬದ ಪಕ್ಕ ಮುಂಜಾಗ್ರತೆಗೆ ಇಟ್ಟಿದ್ದ ಇನ್ನೊಂದನ್ನು ತಂದು ಕೊಟ್ಟಳು.

ಬೀದಿ ಕೊನೆಯಲ್ಲಿ ಚಪ್ಪಲಿ ಹೊಲಿಯುವ ಯಜಮಾನರು ಗೂಡನ್ನು ತಿರುಗಿಸಿ ನೋಡಿ, “ಹೊಲಿಗೆ ಪರವಾಗಿಲ್ಲ, ತಳಕ್ಕೊಂದು ತೂತು ಬೇಕು, ಬೆರಳಲ್ಲಿ ಮೇಲಕ್ಕೆ ನೂಕೋಕೆ” ಅಂದರು. ಕೊರೆದೂ ಕೊಟ್ಟರು, ಹತ್ತು ರೂಪಾಯಿ. ಇಡೀ ಗೂಡಿನಲ್ಲಿ ಇವಳು ಮೆಚ್ಚಿದ್ದು ಆ ತೂತೊಂದನ್ನೇ.

ಚರ್ಮವನ್ನು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಅಂಗೈಯಗಲ ಕೇಳಿದರೆ ಅಂಗಡಿಯವನು ನಗುತ್ತಾನೆ. ಹಾಗಾಗಿ ಮಂಚದಡಿ ಇನ್ನೂ ಬೇಕಾದಷ್ಟಿದೆ. ಉಬ್ಬಸದ ಬಂಧುಗಳು ಯಾರಿಗಾದರೂ ಬೇಕಿದ್ದರೆ ಅಳತೆ ಕಳಿಸಿ, ಕಾಸು ಬೇಡ. ಹೊಲಿಗೆ ನನ್ನದು, ಉಪ್ಪುಕಾಗದ ಮತ್ತು ಅಂಟು ಮಾತ್ರ ನಿಮ್ಮ ಪಾಲಿಗೆ.