ಕಂಡು, ಹಿಡಿದು, ಕಟ್ಟಿ

ಮೂಡಬಿದಿರೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ನಾನು ‘ಕೊಲಂಬಸ್ ಅಮೆರಿಕವನ್ನು ಇನ್ವೆಂಟ್ ಮಾಡಿದ’ ಎಂದು ಬರೆದಿದ್ದೆ. ಮಾಸ್ಟ್ರು ಆ ಶಬ್ದದ ಮೇಲೆ ಸಾವಿರ ಕಂಬದ ಬಸದಿಯ ಕಂಬದಷ್ಟು ದಪ್ಪದ ಕೆಂಪು ಗೆರೆ ಎಳೆದರು. ‘ಇಲ್ಲದ್ದನ್ನು ಮಾಡಿದರೆ ಇನ್ವೆಂಟ್, ಇದ್ದದ್ದು ಸಿಕ್ಕಿದರೆ ಡಿಸ್ಕವರ್. ತಿಳಿಯಿತಾ?’

ತಿಳಿಯಲಿಲ್ಲ. ಕನ್ನಡದಲ್ಲಿ ಅಮೆರಿಕವನ್ನೂ ಕಂಡುಹಿಡಿಯುತ್ತಾರೆ, ರೇಡಿಯೋವನ್ನೂ ಕಂಡುಹಿಡಿಯುತ್ತಾರೆ, ತೆಂಗಿನಕಾಯಿ ಕದ್ದವನನ್ನೂ ಕಂಡುಹಿಡಿಯುತ್ತಾರೆ. ಎಷ್ಟೋ ವರ್ಷದ ಮೇಲೆ ನಿಘಂಟು ಬಿಡಿಸಿದರೆ, ಇನ್ವೆಂಟ್‌ನ ಲ್ಯಾಟಿನ್ ಮೂಲಕ್ಕೆ ‘ಎದುರಾಗು, ಕಾಣು’ ಎಂದೇ ಅರ್ಥ. ಐನೂರು ವರ್ಷ ಮೊದಲು ಪರೀಕ್ಷೆ ಬರೆದಿದ್ದರೆ ಪಾಸಾಗುತ್ತಿದ್ದೆನೋ ಏನೋ!

ಅದೇ ಶಬ್ದಕ್ಕೆ ಇನ್ನೊಂದು ಮುಖವಿದೆ. ಇಂಗ್ಲಿಷಿನವರು ಯಂತ್ರವನ್ನಷ್ಟೇ ಅಲ್ಲ, ನೆಪವನ್ನೂ ಇನ್ವೆಂಟ್ ಮಾಡುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ‘ಕಟ್ಟು’ ಇದೆ. ಬೆಳ್ತಂಗಡಿಯ ನನ್ನ ಸೋದರಮಾವ ಯಕ್ಷಗಾನದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು, ಅಂದರೆ ಪಾತ್ರವಾಗಿ ಮಾತಾಡುತ್ತಿದ್ದರು. ಪದ್ಯ ಪ್ರಸಂಗದ್ದು, ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ಅವರ ಕರ್ಣನಿಗೆ ಸಮರ್ಥನೆಯ ಕೊರತೆಯೇ ಇರಲಿಲ್ಲ. ಪೇಟೆಯಿಂದ ಬೆಲ್ಲ ತರಲು ಮರೆತಾಗಲೂ ಅದೇ ಕರ್ಣ ಎದ್ದು ನಿಲ್ಲುತ್ತಿದ್ದ. ಅತ್ತೆಯದು ಒಂದೇ ಮಾತು: ‘ಕಟ್ಟಿದ್ದು ಸಾಕು, ಬೆಲ್ಲ ಎಲ್ಲಿ?’

ಬಂಟ್ವಾಳಕ್ಕೆ ಬಂದರೆ ಮಾಸ್ಟ್ರ ಗೆರೆ ಇನ್ನಷ್ಟು ಮಸುಕಾಗುತ್ತದೆ. ಅಡಿಕೆ ಮರ ಹತ್ತುವವರು ಸಿಗುವುದಿಲ್ಲವೆಂಬುದನ್ನು ತಾಲೂಕಿಗೆ ತಾಲೂಕೇ ಕಂಡಿತ್ತು. ಸಜಿಪಮೂಡದ ಗಣಪತಿ ಭಟ್ಟರು ಹಿಡಿದರು. ಇಂಜಿನಿಗೆ ಸೀಟು ಜೋಡಿಸಿ, ಬ್ರೇಕು ಕೊಟ್ಟು, ಮರವನ್ನಪ್ಪಿ ಮೇಲೇರುವ ಬೈಕು ಮಾಡಿದರು. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಸುತ್ತಿತು. ಇದು ಮಾಸ್ಟ್ರೂ ಒಪ್ಪುವ ಇನ್ವೆಂಟ್.

ಆದರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನು ಯಾವ ಸಾಲಿನಲ್ಲಿ ಕೂರಿಸುವುದು? ಬೋಳುಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೆ ಒಂದು ಒಣಗಿದ್ದೇ ಆದರೂ ಬಿಡದೆ ಕೊರೆದು ಕೊನೆಗೆ ನೀರು ತಂದರು, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ನೀರು ಗುಡ್ಡದೊಳಗೆ ಮೊದಲೇ ಇತ್ತು, ಸರಿ, ತೋಟ ಇತ್ತೇ? ಕಂಡುಹಿಡಿದರು ಎಂದುಬಿಟ್ಟರೆ ಕನ್ನಡಕ್ಕೆ ಯಾವ ತಕರಾರೂ ಇಲ್ಲ.

ನಮ್ಮ ಪದದಲ್ಲಿ ಎರಡು ಕೆಲಸಗಳಿವೆ: ಕಾಣುವುದು, ಹಿಡಿಯುವುದು. ನಮ್ಮ ತೋಟದ ಪಂಪಿನ ವಾಲ್ವು ಸೋರುವುದನ್ನು ನಾನು ಕಂಡು ಆರು ತಿಂಗಳಾಯಿತು. ಹಿಡಿಯುವುದು ಬಾಕಿ. ಯಾಕೆ ಬಾಕಿಯೆಂದು ಮನೆಯವಳು ಕೇಳಿದರೆ ಮಾತ್ರ ತಡವಿಲ್ಲ. ಸೋದರಮಾವನ ಕರ್ಣ ಎದ್ದು ನಿಲ್ಲುತ್ತಾನೆ.