ಜಗ್ಗದ ಸ್ಕ್ರೂ
ಕೊಡವರಿಗೆ ಕೋವಿ ಲೈಸನ್ಸಿನಿಂದ ವಿನಾಯಿತಿ ಉಂಟು, ತುಕ್ಕಿನಿಂದ ಇಲ್ಲ. ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಾಗಲೇ ಅದು ನೆನಪಾಗುವುದು. ಆ ದಿನ ಕೋವಿಯ ನಳಿಗೆಗೆ ಸಿಕ್ಕಿಸುವ ಹೂ ತೋಕ್‌ಪೂ ಬೇಲಿಯಲ್ಲಿ ತಾನಾಗಿ ಅರಳುತ್ತದೆ, ತುಕ್ಕು ಹಿಡಿದ ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಕಳೆದ ಸಲ ಮಾವನ ಹಳೇ ರೈಫಲ್ ಒರೆಸಲು ಕೂತೆ. ಗುಂಡಿಲ್ಲವೆಂದು ಎರಡು ಸಲ ನೋಡಿ, ಫ್ಯಾನ್ ರಿಪೇರಿಯ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಕರ್ರೆಂದು ಜಾರಿತು. ಕೋವಿ ಸ್ಕ್ರೂವಿನ ಕಚ್ಚು ಕಿರಿದು, ಅದರ ಗೋಡೆ ನೇರ. ಮನೆಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ. ತಿರುಗಿಸಿದಷ್ಟೂ ಮೇಲೆದ್ದು ಕಚ್ಚಿನ ಅಂಚು ತಿನ್ನುತ್ತದೆ. ಮೂರನೇ ಯತ್ನಕ್ಕೆ ಸ್ಕ್ರೂ ನನ್ನ ನೆತ್ತಿಯಷ್ಟೇ ನುಣ್ಣಗಾಗಿತ್ತು.

“ಏನ್ ಮಾಡ್ತಿದ್ದೀಯ?”

“ಪಾಲಿಶ್, ಮಾವ.”

ಮಾವ ನಕ್ಕು, ತೆಳು ಎಣ್ಣೆ ಎರಡು ಹನಿ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಸಾಲ್ಡರಿಂಗ್ ಕಡ್ಡಿ ಕಾಯಿಸಿ ಸ್ಕ್ರೂ ತಲೆಗೆ ಮುಟ್ಟಿಸಿದರು. ಸ್ಕ್ರೂಡ್ರೈವರಿನ ತುದಿಯನ್ನು ಅರದಲ್ಲಿ ತೀಡಿ, ಉಳಿದಿದ್ದ ಕಚ್ಚಿಗೆ ಕೂರಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ಎರಡೇಟು. ಮೊದಲು ಚೂರು ಬಿಗಿ, ಆಮೇಲೆ ಸಡಿಲ. ಬಂತು!

ಹೊಸ ಸ್ಕ್ರೂ ಹಬ್ಬಕ್ಕೆ ಸಿಗಲಿಲ್ಲ. ಆ ತೂತಿಗೂ ಒಂದು ತೋಕ್‌ಪೂ ಸಿಕ್ಕಿಸಿದ್ದು ಯಾರೆಂದು ಅತ್ತೆಗೆ ಮಾತ್ರ ಗೊತ್ತು.